ಋಣ ಚಿಹ್ನೆ

ನಿಜ್ವಾದಲ್ಲಿ ಜೂನ್. ಹೊರಗೆ ನಲವತ್ತೇಳು ಡಿಗ್ರಿ.
ಒಳಗೆ, ದೀಪ ಹದಕ್ಕೆ ಬರಲು ಇಪ್ಪತ್ತು ನಿಮಿಷ ಬೇಡುವ ಯಂತ್ರ,
ಬೆಳಕು ತಾಗಿದರೆ ಬಣ್ಣ ಕಳೆದುಕೊಳ್ಳುವ ಎರಡು ಪುಟ್ಟ ಶೀಶೆ,
ಮೈತುಂಬ ಅಡುಗೆಮನೆಯ ಅಲ್ಯುಮಿನಿಯಂ ಹಾಳೆ ಹೊದ್ದವು.

ಒಂದು ಹಸಿರನ್ನು ಹೊಮ್ಮಿಸುತ್ತದೆ: ದಾನಿ.
ಇನ್ನೊಂದು ಹಸಿರು ನುಂಗಿ ಕಿತ್ತಳೆಯಾಗುತ್ತದೆ: ಗ್ರಾಹಿ.
ಇವೆರಡಕ್ಕೆ ಎಷ್ಟರಮಟ್ಟಿಗೆ ಹೋಗಿಬರುವ ಬಳಕೆ ಇದೆ
ಎಂದು ಲೆಕ್ಕ ಹಾಕುವುದಕ್ಕೆ ನನಗೆ ಸಂಬಳ.

ತೆರೆಯ ಮೇಲೆ ಎರಡು ಗುಡ್ಡ,
ಒಂದರ ಇಳಿಜಾರಿನೊಳಗೆ ಇನ್ನೊಂದರ ಏರು.
ಕಿಟಕಿಯಾಚೆ ಜಬಲ್ ಅಖ್ದರ್ ಕೂಡ ಹಾಗೇ ನಿಂತಿದೆ,
ಹೆಸರು ಹಸಿರು ಬೆಟ್ಟ, ಬಣ್ಣ ಸೀದ ರೊಟ್ಟಿ.

ಸಾಫ್ಟ್‌ವೇರ್ ಕೇಳಿದ್ದೆಲ್ಲ ಕೊಟ್ಟೆ.
ದಾನಿಯ ಗುಡ್ಡದ ಕೆಳಗಿನ ಜಾಗ ಒಂದಕ್ಕೆ ಸಮ ಮಾಡಿದೆ,
ಬುಡದ ಗದ್ದಲ ಕಳೆದೆ,
ಗ್ರಾಹಿ ಎಷ್ಟು ಹೀರಬಲ್ಲದೆಂದು ಬರೆದೆ,
ಅಲೆಯುದ್ದದ ನಾಲ್ಕನೆಯ ಘಾತದಿಂದ ಗುಣಿಸು ಎಂದೆ.
(ಕೆಂಪಿನ ಕಡೆ ಸರಿದಷ್ಟೂ ಚೂರಿಗೂ ತೂಕ ಬರುವುದು ಅದರಿಂದ.)
ನ್ಯಾನೋಮೀಟರೋ ಸೆಂಟಿಮೀಟರೋ, ಎರಡು ಸಲ ನೋಡಿದೆ.
ಅಲ್ಲಿ ಎಡವಿದವರು ಹದಿನಾಲ್ಕು ಸೊನ್ನೆಯ ಆಳಕ್ಕೆ ಬೀಳುತ್ತಾರೆ.

ಉತ್ತರ ಬಂತು:
ಮೈನಸ್ ಎರಡರ ಮುಂದೆ ಹದಿನೈದು ಸೊನ್ನೆ.

ಎರಡು ಬಣ್ಣ ಇಲ್ಲದಷ್ಟು ಕೂಡುವುದೆಂದರೇನು?
ಸೊನ್ನೆಯಾದರೆ ಅಪರಿಚಿತರು. ಸೊನ್ನೆಗಿಂತ ಕಡಿಮೆ?

ಮುಝ್ನಾ ಬಂದು ಬಗ್ಗಿ ನೋಡಿದಳು. ಗುರುವಾರದೊಳಗೆ ಅಂಕಿ ಬೇಕು ಅವಳಿಗೆ.
"ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ, ಸೆವ್ರಿನ್?"
ಋಣ, ಎಂದೆ. ಸಾಲಕ್ಕೂ ಅದೇ ಪದ.
ಮನೆಮಾತು ಕೊಂಕಣಿಯಲ್ಲಿ ಅದೇ ಸವೆದು ರೀಣ್.
ಯಾರು ಯಾರನ್ನೋ ಕಾರಣವಿಲ್ಲದೆ ಸಂಧಿಸಿದರೆ
ಋಣಾನುಬಂಧ ಎಂದು ಸುಮ್ಮನಾಗುತ್ತೇವೆ.
ಅವಳು ನಕ್ಕಳು: "ನಮ್ಮಲ್ಲಿ ಸಾಲಿಬ್,
ಕಸಿದುಕೊಳ್ಳುವವನು."

ಆಮೇಲೆ ಅವಳೇ ಬೆರಳಿಟ್ಟು ತೋರಿಸಿದಳು.
ಗ್ರಾಹಿಯ ಕಡತ ಏಳುನೂರರಿಂದ ಶುರು,
ಆರುನೂರ ತೊಂಬತ್ತೊಂಬತ್ತು, ತೊಂಬತ್ತೆಂಟು...
ಯಂತ್ರ ಉದ್ದದ ಕಡೆಯಿಂದ ಗಿಡ್ಡಕ್ಕೆ ಇಳಿಯುತ್ತ ಅಳೆದಿತ್ತು,
ಹೆಜ್ಜೆ ಹೆಜ್ಜೆಗೂ ಮೈನಸ್ ಒಂದು.
"ಬಲದಿಂದ ಎಡಕ್ಕೆ," ಎಂದಳು, "ಪಾಪ,
ನನ್ನ ಲಿಪಿಯಲ್ಲಿ ಓದಿದೆ. ತಪ್ಪೇನು?"

ತಪ್ಪೇನಿಲ್ಲ. ಸಾಲು ತಿರುಗಿಸಿದೆ. ಒಂದು ಒತ್ತು.
ಚಿಹ್ನೆ ಉದುರಿತು, ಮಿಕ್ಕ ಅಂಕಿ ಕದಲಲಿಲ್ಲ.
ಅರ್ಧ ದಾನ ನಡೆಯುವ ದೂರ, ಐದು ಪಾಯಿಂಟ್ ಮೂರು ನ್ಯಾನೋಮೀಟರ್.
ಅದರಾಚೆ ಆರನೆಯ ಘಾತದಲ್ಲಿ ಕೈ ಸೋಲುತ್ತದೆ.
ಊರಿಗೆ ದುಡ್ಡು ಕಳಿಸುವವನ ಬಾಯಲ್ಲಿ ಇದಕ್ಕೊಂದು ಉಪಮೆ ಸಿದ್ಧವಿರುತ್ತದೆ,
ನನ್ನಲ್ಲೂ ಇತ್ತು. ಲೆಕ್ಕ ಅದನ್ನು ಒಪ್ಪುವುದಿಲ್ಲ.
ಅಷ್ಟು ದೂರಕ್ಕೆ ಎಕ್ಸ್‌ಚೇಂಜ್ ಅಂಗಡಿಯ ಚೀಟಿ ಬೇಕು, ಕಮಿಷನ್ ಬೇಕು.
ಇಲ್ಲಿ ನಡುವೆ ಬೆಳಕೂ ಹಾಯುವುದಿಲ್ಲ.
ಪಕ್ಕದಲ್ಲಿರುವುದಷ್ಟೇ. ದಾನಿ ಮಂಕಾಗುತ್ತದೆ,
ಗ್ರಾಹಿ ಯಾರೂ ಹಚ್ಚದೆ ಹೊತ್ತಿಕೊಳ್ಳುತ್ತದೆ.

ಚಹಾ ಹೊತ್ತಿನಲ್ಲಿ ಮುಝ್ನಾ ಹೇಳಿದಳು,
ಅವಳ ಅಜ್ಜ ಇದೇ ಊರಿನಲ್ಲಿ ನೀಲಿ ಅದ್ದುವವನು.
ಮೊಣಕೈವರೆಗೆ ಯಾವತ್ತೂ ಬಿಡದ ನೀಲಿ.
ಅವನ ಬಟ್ಟೆ ಉಟ್ಟವರ ಭುಜಕ್ಕೂ ಬಣ್ಣ ಹತ್ತುತ್ತಿತ್ತಂತೆ,
ಬೈದುಕೊಂಡೇ ಕೊಳ್ಳುತ್ತಿದ್ದರಂತೆ.
"ಅವನದು ಮುಟ್ಟಿ ಕೊಡುವ ಜಾತಿ," ಎಂದು ಲೋಟ ತೊಳೆದಳು.

ದೀಪ ಆರಿಸಿದೆ. ಫ್ಯಾನು ಇನ್ನೂ ತಿರುಗುತ್ತಿತ್ತು.
ಸರಿಯಾದ ಅಂಕಿ ಅವಳಿಗೆ ಕಳಿಸಿದೆ.
ಮೊದಲು ಬಂದ ಋಣವನ್ನು ಅಳಿಸಲು ಹೋಗಿ
ಹೆಸರು ಬದಲಿಸಿ ಇಟ್ಟುಕೊಂಡೆ.